ಫಾರ್ವರ್ಡುಗಳಿಗೆ ಹತ್ತಿಯ ಗ್ರೇಡು

ನನ್ನ ಹೆಬ್ಬೆರಳುಗಳಿಗೆ ಒಂದು ಕೆಟ್ಟ ಚಟವಿದೆ. ಏನು ಸಿಕ್ಕರೂ ಎಳೆದು ನೋಡುತ್ತವೆ. ಮದುವೆ ಮನೆಯಲ್ಲಿ ಯಾರಾದರೂ ಪ್ರೀತಿಯಿಂದ ಶಾಲು ಹೊದಿಸಿದರೆ ನಾನು ಮೊದಲು ಅದರ ಅಂಚಿನ ದಾರ ಜಗ್ಗುತ್ತೇನೆ. ದವಾಖಾನೆಯಲ್ಲಿ ಗಾಯಕ್ಕೆ ಒತ್ತಲು ಕೊಟ್ಟ ಹತ್ತಿಯನ್ನು ಗಾಯ ಮರೆತು ಬೆಳಕಿಗೆ ಹಿಡಿಯುತ್ತೇನೆ. ಆದೋನಿಯಲ್ಲಿ ಅಜ್ಜನ ಕಾಲದಿಂದ ಹತ್ತಿ ವ್ಯಾಪಾರ ಮಾಡಿಕೊಂಡು ಬಂದ ಮನೆಯವನಿಗೆ ಇದು ಕಸುಬಿನ ಗುರುತು ಎಂದು ನಾನು ಸಮಾಧಾನ ಹೇಳಿಕೊಂಡರೂ, ನನ್ನ ಹೆಂಡತಿ ಗೌರಮ್ಮ ಇದನ್ನು ರೋಗವೆಂದೇ ತೀರ್ಮಾನಿಸಿದ್ದಾಳೆ. ಉಪ್ಪಿಟ್ಟಿನ ಮೊದಲ ತುತ್ತು ಬಾಯಿಗಿಟ್ಟು ನಾನು ಒಂದು ಗಳಿಗೆ ಸುಮ್ಮನಾದರೆ ಸಾಕು, "ಏನ್ ಗ್ರೇಡು ಬಂತ್ರಿ ಇವತ್ತು? ಬಿ-ನೋ, ಸಿ-ನೋ?" ಎಂದು ಕೇಳುತ್ತಾಳೆ.

ಈ ರೋಗ ಊರಿಗೆಲ್ಲ ಗೊತ್ತಿದ್ದುದರಿಂದಲೇ ನಾನು ಫುಟ್‌ಬಾಲ್ ಆಟಗಾರರಿಗೆ ಗ್ರೇಡು ಕೊಡುವವನಾದೆ. ನಮ್ಮೂರಿನಲ್ಲಿ ಸಂಬಳದ ತಂಡವೊಂದಿದೆ. ಹತ್ತಿ ವ್ಯಾಪಾರಿಗಳೇ ಕಮಿಟಿ ಮಾಡಿಕೊಂಡು ಕಟ್ಟಿದ್ದು, ನಾನೂ ಅದರಲ್ಲೊಬ್ಬನಾಗಿದ್ದೆ. ಸುತ್ತಲಿನ ಊರುಗಳ ಇಂಥವೇ ತಂಡಗಳೊಂದಿಗೆ ಸೀಸನ್ ಪೂರ್ತಿ ಆಡುತ್ತದೆ, ಆಡುವವರಿಗೆ ಅದೇ ಹೊಟ್ಟೆಪಾಡು. ಸೀಸನ್ ಮುಗಿದ ಮೇಲೆ ಒಬ್ಬೊಬ್ಬರಿಗೂ ಗ್ರೇಡು ಹೇಳಬೇಕು. ಎ ಬಂದವನ ಸಂಬಳ ಏರುತ್ತದೆ. ಬಿ ಬಂದವನು ಇದ್ದ ಸಂಬಳದಲ್ಲೇ ಉಳಿಯುತ್ತಾನೆ. ಸಿ ಬಂದವನನ್ನು ಬಿಟ್ಟುಕೊಡುತ್ತೇವೆ, ಪತ್ತಿಕೊಂಡದವರೋ ಎಮ್ಮಿಗನೂರಿನವರೋ ಕಡಿಮೆ ಸಂಬಳಕ್ಕೆ ಕರೆದುಕೊಂಡು ಹೋಗುತ್ತಾರೆ. ಗೋಲ್‌ಕೀಪರ್‌ದು, ಹಿಂದಿನ ಸಾಲಿನವರದು ಕೋಚ್ ಹೇಳಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಜಗಳವೆಲ್ಲ ಗೋಲು ಹೊಡೆಯುವ ಫಾರ್ವರ್ಡುಗಳದು. ಕಮಿಟಿಯ ಒಬ್ಬೊಬ್ಬ ಸದಸ್ಯನಿಗೂ ಅವರಲ್ಲಿ ಒಬ್ಬೊಬ್ಬ ಮುದ್ದಿನ ಮಗ. ಆ ವರ್ಷ ಮಾತಿಗೆ ಮಾತು ಬೆಳೆದು ಚಹಾ ಆರಿಹೋದ ಮೇಲೆ ಅಧ್ಯಕ್ಷರು ನನ್ನ ಕಡೆ ಕೈ ಮಾಡಿದರು.

"ಇವರು ಹತ್ತಿ ನೋಡೂವಾಗ ಮಾಲೀಕನ ಮಾರಿ ನೋಡಂಗಿಲ್ಲ. ಇವರ ಹೇಳ್ಲಿ."

ಅವರು ಹೇಳಿದ್ದು ನಿಜ. ಅದು ನನಗೆ ನನ್ನ ಅಪ್ಪ ಕಲಿಸಿದ ಪದ್ಧತಿ. ಈಗ ಮಾರುಕಟ್ಟೆಯಲ್ಲಿ ಕಂಪ್ಯೂಟರ್ ಬಂದಿದೆ, ತೇವ ಅಳೆಯುವ ಯಂತ್ರ ಬಂದಿದೆ. ಆದರೂ ನಮ್ಮ ಅಂಗಡಿಗೆ ಬಂದ ಹತ್ತಿಯನ್ನು ಇವತ್ತಿಗೂ ಕೈಯಿಂದಲೇ ನೋಡುತ್ತೇವೆ. ರಾಶಿಯ ಮೇಲಿನದನ್ನು ಮುಟ್ಟಬಾರದು, ಅದು ತೋರಿಕೆಗೆ ಹರವಿದ್ದು. ಮೊಣಕೈವರೆಗೆ ತೋಳು ತೂರಿಸಿ ರಾಶಿಯ ಹೊಟ್ಟೆಯೊಳಗಿಂದ ಒಂದು ಹಿಡಿ ತೆಗೆಯಬೇಕು. ಎರಡು ಹೆಬ್ಬೆರಳ ನಡುವೆ ಎಳೆದು ಎಳೆಯ ಉದ್ದ ನೋಡಬೇಕು, ಉದ್ದವಿದ್ದಷ್ಟೂ ಗ್ರೇಡು ಮೇಲು. ಅಷ್ಟು ಹೊತ್ತೂ ಮಾಲೀಕನ ಮುಖ ನೋಡಬಾರದು. ಆಮೇಲೆ ಗ್ರೇಡನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಮಾಲೀಕನಿಗೆ ಒಪ್ಪಿಗೆಯಾಗದಿದ್ದರೆ ಒಂದೇ ಒಂದು ಸಲ "ಇನ್ನೊಂದು ಕೈ ಹಾಕ್ರಿ" ಎಂದು ಕೇಳಬಹುದು. ಆಗ ನಾನು ಮರುಮಾತಿಲ್ಲದೆ ರಾಶಿಯ ಇನ್ನೊಂದು ಮಗ್ಗುಲಿನಿಂದ ಕೈ ಹಾಕಬೇಕು. ಎರಡನೆಯ ಸಲ ಹೇಳಿದ್ದೇ ಕಡೆಯದು, ಏರಿದರೂ ಸರಿ, ಇಳಿದರೂ ಸರಿ. ಮೊದಲನೆಯದಕ್ಕೆ ಮರಳುವಂತಿಲ್ಲ. ಆ ಭಯಕ್ಕೇ ಹೆಚ್ಚಿನವರು ಕೇಳುವುದಿಲ್ಲ.

ಗ್ರೇಡು ಕೊಡುವ ಹುಚ್ಚು ಹತ್ತಿಯವರಿಗಷ್ಟೇ ಅಂಟಿದ್ದಲ್ಲ ಎಂದು ನಾನು ಗೌರಮ್ಮನ ಮುಂದೆ ಆಗಾಗ ವಾದಿಸುವುದುಂಟು. ನಮ್ಮ ಹಳೆಯ ಅಲಂಕಾರ ಶಾಸ್ತ್ರದ ಪಂಡಿತರು ಕಾವ್ಯವನ್ನೂ ಬಿಟ್ಟಿಲ್ಲ. ಉತ್ತಮ, ಮಧ್ಯಮ, ಅಧಮ ಎಂದು ಮೂರು ರಾಶಿ ಮಾಡಿಟ್ಟರು. ವೈದ್ಯರು ಜ್ವರವನ್ನು ವಿಂಗಡಿಸಿದರು, ಜೋಯಿಸರು ಗಳಿಗೆಗಳನ್ನು ವಿಂಗಡಿಸಿದರು. ಆದರೆ ಅಧಮ ಎನ್ನಿಸಿಕೊಂಡ ಯಾವ ಕವಿಗೂ ಪಂಡಿತರ ಮುಂದೆ ನಿಂತು ಇನ್ನೊಂದು ಕೈ ಹಾಕಿ ಎನ್ನುವ ಸವಲತ್ತು ಇರಲಿಲ್ಲ. ಆ ಮಟ್ಟಿಗೆ ಆದೋನಿಯ ಹತ್ತಿ ಅಂಗಡಿ ಶಾಸ್ತ್ರಕ್ಕಿಂತ ದಯೆಯುಳ್ಳದ್ದು ಎಂದು ನಾನು ಬಹಳ ದಿನ ನಂಬಿದ್ದೆ.

ಫುಟ್‌ಬಾಲಿನಲ್ಲಿ ನನ್ನ ಪಾಂಡಿತ್ಯ ಎಷ್ಟೆಂದರೆ, ಆಫ್‌ಸೈಡ್ ಎಂದರೇನು ಎಂದು ಇವತ್ತಿಗೂ ತಿಳಿದಿಲ್ಲ. ಸೀಟಿ ಊದಿದಾಗ ಪಕ್ಕದವರು ಸಿಟ್ಟಾದರೆ ನಾನೂ ಸಿಟ್ಟಾಗುತ್ತೇನೆ. ಚೆಂಡು ಬಲೆಗೆ ಬಿದ್ದದ್ದು ಮಾತ್ರ ನನಗೆ ಅನುಮಾನವಿಲ್ಲದೆ ಕಾಣುತ್ತದೆ. ಹೀಗಾಗಿ ಗೋಲು ಹೊಡೆದವನು ಎ, ಆಗೀಗ ಹೊಡೆದವನು ಬಿ, ಹೊಡೆಯದವನು ಸಿ ಎಂದು ಲೆಕ್ಕ ಹಾಕಿಕೊಂಡೆ. ಮುಂದಿನ ಸಾಲಿನಲ್ಲಿದ್ದವರು ಮೂವರು. ನಮ್ಮೂರಿನವನೇ ಆದ ಬಷೀರನಿಗೆ ಎ. ಎಡಗಡೆಯಿಂದ ಓಡುವ ತಿಮ್ಮಪ್ಪನಿಗೆ ಬಿ. ಆಸ್ಪರಿ ಕಡೆಯ ಹಳ್ಳಿಯಿಂದ ಬಂದ ಈರಣ್ಣ ಸೀಸನ್ನಿನ ಮೊದಲಲ್ಲಿ ಜೋರಾಗಿದ್ದವನು ಆಮೇಲೆ ಒಂದು ಗೋಲನ್ನೂ ಹೊಡೆದಿರಲಿಲ್ಲ. ಅವನಿಗೆ ಸಿ. ನಿರ್ಧಾರ ಮಾಡಲು ನನಗೆ ಒಂದು ವೀಳ್ಯದೆಲೆ ಜಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಗ್ರೇಡು ಹೇಳಿದ್ದು ನಮ್ಮ ಗೋದಾಮಿನಲ್ಲೇ. ಆಟಗಾರರು ಹತ್ತಿಯ ಮೂಟೆಗಳ ಮೇಲೆ ಕೂತಿದ್ದರು. ಅಧ್ಯಕ್ಷರು, ಕರ್ನೂಲು ಕಡೆಯ ನಮ್ಮ ಕೋಚ್, ಮತ್ತು ಸಿ ಬಂದವರನ್ನು ಕರೆದೊಯ್ಯಲು ಬಂದ ಪತ್ತಿಕೊಂಡ ತಂಡದ ಮ್ಯಾನೇಜರ್ ಕುರ್ಚಿಗಳಲ್ಲಿದ್ದರು. ಬಾಗಿಲ ಬಳಿ ಈರಣ್ಣನ ಅಪ್ಪ ಮಲ್ಲಯ್ಯ ನಿಂತಿದ್ದ. ಕುರಿ ಸಾಕುವ ಮನೆತನ, ಜೊತೆಗೆ ಒಂದಿಷ್ಟು ಹತ್ತಿ ಬೆಳೆಯುತ್ತಾನೆ. ಆ ಹತ್ತಿ ಪ್ರತಿ ವರ್ಷ ಬರುವುದು ನನ್ನ ಅಂಗಡಿಗೇ. ಮಗನನ್ನು ಊರಿಗೆ ಕರೆದುಕೊಂಡು ಹೋಗಲು ಬಂದಿದ್ದ.

ನಾನು ಅಪ್ಪನ ಪದ್ಧತಿಯಂತೆ ಯಾರ ಮುಖವನ್ನೂ ನೋಡದೆ ಮೂವರ ಗ್ರೇಡನ್ನೂ ಗಟ್ಟಿಯಾಗಿ ಹೇಳಿದೆ. ಈರಣ್ಣ ತಲೆಯಾಡಿಸಿ ಎದ್ದ. ಪತ್ತಿಕೊಂಡದ ಮ್ಯಾನೇಜರ್ ಅವನ ಹೆಗಲ ಮೇಲೆ ಕೈಯಿಟ್ಟು, "ಸೋಮವಾರ ಬಾರಪಾ, ನಮ್ಮಲ್ಲಿ ಜಾಗ ಐತಿ," ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಆಗ ಬಾಗಿಲ ಕಡೆಯಿಂದ ಮಲ್ಲಯ್ಯನ ದನಿ ಬಂತು.

"ಸಾವಕಾರ್ರ, ಇನ್ನೊಂದು ಕೈ ಹಾಕ್ರಿ."

ಅಧ್ಯಕ್ಷರು ನಕ್ಕರು. ಈರಣ್ಣ ನಗಲಿಲ್ಲ. ಅಪ್ಪನ ಹತ್ತಿರ ಹೋಗಿ ತೋಳು ಹಿಡಿದು, "ಬ್ಯಾಡ ಬಿಡಪ್ಪಾ, ನನಗ ಸಿ ಸಾಕು," ಎಂದ.

"ನೀ ಸುಮ್ನಿರು. ಹತ್ತಿಗೆ ಕೇಳೂ ಹಕ್ಕು ಐತಿ, ನನ್ನ ಮಗಗ ಇಲ್ಲೇನು?"

ಆ ಹುಡುಗನಿಗೆ ನಾಚಿಕೆಯಾಯಿತೆಂದು ತಿಳಿದೆ. ನನ್ನ ಅಂಗಡಿಯಲ್ಲಿ, ನನ್ನ ಅಪ್ಪನ ಮಾತನ್ನು, ನನ್ನ ಮುಂದೆಯೇ ಹೇಳಿದ ಮಲ್ಲಯ್ಯನಿಗೆ ಇಲ್ಲವೆನ್ನುವುದು ಹೇಗೆ? ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಹಿಗ್ಗೂ ಆಗಿತ್ತು. ಫುಟ್‌ಬಾಲಿನವರು ನಮ್ಮ ಪದ್ಧತಿಯ ನ್ಯಾಯವನ್ನು ಒಮ್ಮೆ ಕಣ್ಣಾರೆ ನೋಡಲಿ ಎಂದುಕೊಂಡೆ.

ಆದರೆ ಆಟಗಾರನ ಇನ್ನೊಂದು ಮಗ್ಗುಲು ಎಲ್ಲಿರುತ್ತದೆ? ಕೋಚನ್ನು ಕೇಳಿದೆ. ಅವನು ಯಾಕೋ ಹಿಂದೆ ಮುಂದೆ ನೋಡಿದ. ಕಡೆಗೆ ಆಟಗಳ ವೀಡಿಯೊ ತೆಗೆದಿಟ್ಟಿದ್ದ ಫೋನನ್ನು ಗೋದಾಮಿನ ಮೂಲೆಯ ಆಫೀಸಿನ ಟಿವಿಗೆ ಹಚ್ಚಿದ. ಬಷೀರನ ಗೋಲುಗಳನ್ನು ಮತ್ತೆ ನೋಡಿದೆವು. ಈ ಸಲ ಬಲೆಯ ಕಡೆ ನೋಡುವುದನ್ನು ಬಿಟ್ಟು, ಚೆಂಡು ಬಷೀರನ ಕಾಲಿಗೆ ಎಲ್ಲಿಂದ ಬಂತು ಎಂದು ನೋಡಿದೆ. ಈರಣ್ಣನಿಂದ ಬಂದಿತ್ತು. ಮುಂದಿನ ಗೋಲಿಗೂ ಈರಣ್ಣನಿಂದ. ಅದರ ಮುಂದಿನದಕ್ಕೂ. ಬಾಳೆಲ್ಲ ರಾಶಿಯ ಮೇಲಿನದನ್ನು ಮುಟ್ಟಬಾರದೆಂದು ಊರಿಗೆ ಉಪದೇಶ ಮಾಡಿದ ನಾನು, ಇಡೀ ಸೀಸನ್ ಮೇಲಿನದನ್ನೇ ನೋಡಿಕೊಂಡು ಕೂತಿದ್ದೆ.

"ನನ್ನ ಎ ಒಳಗ ಅರ್ಧ ಅವಂದೈತಿ, ಸೇಠ್," ಎಂದ ಬಷೀರ. ಪಾಪ, ಅವನೂ ಒಳ್ಳೆಯದಾಗಲೆಂದೇ ಹೇಳಿದ.

ಟಿವಿಯಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ಚೆಂಡು ಕೊಟ್ಟ ಮೇಲೆ ಎಲ್ಲರೂ ಗೋಲಿನ ಕಡೆ ಓಡಿದರೆ ಈರಣ್ಣ ಓಡುತ್ತಿರಲಿಲ್ಲ. ನಿಂತಲ್ಲೇ ಬಗ್ಗಿ ಬಲ ಮೊಣಕಾಲು ಹಿಡಿದುಕೊಳ್ಳುತ್ತಿದ್ದ. ಹಿಂದಿನಿಂದ ನಮ್ಮದೇ ಕಮಿಟಿಯವರ ದನಿ ಕೇಳುತ್ತಿತ್ತು, "ಓಡಲೇ ಈರ್ಯಾ, ಓಡು." ಅದರಲ್ಲಿ ನನ್ನ ದನಿಯೂ ಇತ್ತು. ಎಲ್ಲರಿಗಿಂತ ಗಟ್ಟಿಯಾಗಿತ್ತು.

ನಾನು ಹೋಗಿ ಈರಣ್ಣನ ಮೊಣಕಾಲ ಮೇಲೆ ಕೈಯಿಟ್ಟು ಕಾಲು ಮಡಚು ಎಂದೆ. ಮಡಚಿದ. ಒಳಗೆ ಏನೋ ಕಟಕಟ ಎಂದಿತು, ಉಣ್ಣುವಾಗ ಹಲ್ಲಿಗೆ ಹರಳು ಸಿಕ್ಕಂತೆ.

"ಮೋಕಾಲು ಪೋಯಿಂದಿ ಸಾರ್," ಎಂದ ಕೋಚ್ ನೆಲ ನೋಡುತ್ತ. ಮೊಣಕಾಲು ಸೀಸನ್ನಿನ ನಡುವೆಯೇ ಹೋಗಿತ್ತು. ಸೂಜಿ ಚುಚ್ಚಿಸಿಕೊಂಡು ಆಡಿದ್ದ. ಇನ್ನು ಓಡಿದರೆ ನಡೆಯುವುದೂ ಕಷ್ಟವೆಂದು ಡಾಕ್ಟರು ಹೇಳಿದ್ದರಂತೆ. ಅದು ಕೋಚಿಗೂ ಈರಣ್ಣನಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ, ಅಪ್ಪನಿಗೂ.

"ಯಾಕ ಹೇಳ್ಲಿಲ್ಲೋ?" ಎಂದೆ.

"ಹೇಳಿದ್ರ ಯಾರ್ ಇಟ್ಕೊಂತಾರ್ರಿ? ಸಿ ಅಂತ ಹೋಗಿದ್ರ ಅಲ್ಲೆ ಒಂದು ವರ್ಷ ನಿಂತ್ಕೊಂಡಾರ ಆಡ್ತಿದ್ನಿ."

ಆಗ ನನಗೆ ತಿಳಿಯಿತು. ನನ್ನ ಅರೆಬರೆ ತಿಳಿವಳಿಕೆಯ ಆ ಸಿ ಅವನಿಗೆ ಅವಮಾನವಾಗಿರಲಿಲ್ಲ, ಮೊಣಕಾಲು ಮುಚ್ಚುವ ಪರದೆಯಾಗಿತ್ತು. ಅದರ ಹಿಂದೆ ಇನ್ನೊಂದು ವರ್ಷದ ಅನ್ನವಿತ್ತು. ಅವನ ಅಪ್ಪನೂ ನಾನೂ ಸೇರಿ ಬಹಳ ನ್ಯಾಯವಾಗಿ ಅದನ್ನು ಕಿತ್ತುಹಾಕಿದ್ದೆವು.

ಪದ್ಧತಿಯ ಪ್ರಕಾರ ಎರಡನೆಯ ಗ್ರೇಡನ್ನು ಹೇಳಲೇಬೇಕು. ಹೇಳಿದೆ. ಈರಣ್ಣನಿಗೆ ಎ. ಮೂವರಲ್ಲಿ ಮೊದಲನೆಯವನು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪತ್ತಿಕೊಂಡದ ಮ್ಯಾನೇಜರ್ ಒಳ್ಳೆಯ ಮನುಷ್ಯ, ಈರಣ್ಣನ ಬೆನ್ನು ಸವರಿ, ಸೋಮವಾರದ ಮಾತೆತ್ತದೆ, ಚಪ್ಪಲಿ ಮೆಟ್ಟಿಕೊಂಡು ಹೋದ. ಅಧ್ಯಕ್ಷರು, "ಎ ಏನೋ ಖರೇ ಐತಿ. ಓಡಾಕ ಆಗಲಿಲ್ಲಂದ್ರ ಏನ್ ಮಾಡೂದು?" ಎಂದು ಎದ್ದರು. ಹತ್ತಿಯಲ್ಲೂ ಹೀಗೆಯೇ. ಗ್ರೇಡು ನಮ್ಮ ಕೈಯಲ್ಲಿದೆ, ದರ ನಮ್ಮ ಕೈಯಲ್ಲಿಲ್ಲ. ಇದನ್ನು ನಾನು ಎಷ್ಟೋ ಜನರಿಗೆ ಎಷ್ಟೋ ಸಲ ಹೇಳಿದ್ದೇನೆ.

ಮಲ್ಲಯ್ಯ ಬಾಗಿಲು ಬಿಟ್ಟು ನನ್ನ ಹತ್ತಿರ ಬಂದ. ಆಮೇಲೆ ಮೆಲ್ಲಗೆ ಕೇಳಿದ, "ಮೊದಲು ಹೇಳಿದ್ದನ್ನ ಇಟ್ಕೊಳ್ಳಾಕ ಬರಂಗಿಲ್ಲೇನ್ರಿ ಸಾವಕಾರ್ರ?"

ಬರುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. "ಇಲ್ಲ ಮಲ್ಲಯ್ಯ," ಎಂದೆ. ಹೇಳುವಾಗ ಅವನ ಮುಖ ನೋಡಿಬಿಟ್ಟೆ. ಮಾಲೀಕನ ಮುಖ ನೋಡಿದರೆ ದಯೆ ಹುಟ್ಟಿ ಗ್ರೇಡು ಕೆಡುತ್ತದೆಂದು ನನ್ನ ಅಪ್ಪ ಆ ಕಟ್ಟಳೆ ಮಾಡಿದ್ದಾನೆಂದು ಇಷ್ಟು ವರ್ಷ ತಿಳಿದಿದ್ದೆ. ಹಾಗಲ್ಲ. ಅದು ಗ್ರೇಡು ಹೇಳುವವನು ಮನೆಗೆ ಹೋಗಿ ಉಣ್ಣಲೆಂದು ಮಾಡಿದ್ದು. ಅವತ್ತು ನನಗೆ ಉಣ್ಣಲಾಗಲಿಲ್ಲ. ಗೌರಮ್ಮ ಏನು ಬಂತೆಂದು ಕೇಳಲೂ ಇಲ್ಲ, ತಟ್ಟೆ ಎತ್ತಿಕೊಂಡು ಹೋದಳು.

ಈಗ ನಾನು ಫುಟ್‌ಬಾಲ್ ಕಮಿಟಿಯಲ್ಲಿಲ್ಲ. ಉಪ್ಪಿಟ್ಟನ್ನೂ ಮೊದಲ ತುತ್ತಿಗೇ ಹೊಗಳುತ್ತೇನೆ, ಅದಕ್ಕೆ ಗೌರಮ್ಮನಿಗೆ ಅನುಮಾನ. ಆದರೆ ಹತ್ತಿಯನ್ನು ಬಿಡಲಾಗುವುದಿಲ್ಲವಲ್ಲ. ಮೊನ್ನೆ ಮಲ್ಲಯ್ಯ ಎಂದಿನಂತೆ ನನ್ನ ಅಂಗಡಿಗೇ ಹತ್ತಿ ತಂದ. ಬರಲಾರ ಎಂದುಕೊಂಡಿದ್ದೆ. ಗಾಡಿಯ ಮೇಲೆ ಈರಣ್ಣ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತು ಹತ್ತಿ ತುಂಬಿದ ಅಂಡಿಗೆಗಳನ್ನು ಇಳಿಸಿಕೊಡುತ್ತಿದ್ದ. ರಾಶಿ ಮಾಡಿದರು. ಕೈ ಹಾಕಿದೆ, ಎಳೆದೆ. ಎ-ಗೂ ಬಿ-ಗೂ ನಡುವಿನ ಹತ್ತಿ. ಇನ್ನೊಂದು ಮಗ್ಗುಲಿನಲ್ಲಿ ಇದಕ್ಕಿಂತ ಉದ್ದದ ಎಳೆ ಇದ್ದೇ ಇರುತ್ತದೆಂದು ನನ್ನ ಹೆಬ್ಬೆರಳಿಗೆ ಅನಿಸಿತು. ಆದರೆ ಕೇಳದೆ ಎರಡನೆಯ ಕೈ ಹಾಕುವಂತಿಲ್ಲ.

"ಬಿ," ಎಂದೆ. ಹೇಳಿ ಕಾದೆ. ಕಡೆಗೆ ನಾನೇ ಬಾಯಿಬಿಟ್ಟೆ, "ಕೇಳು ಮಲ್ಲಯ್ಯ, ಇನ್ನೊಂದು ಕೈ ಹಾಕ್ತೀನಿ."

"ಬ್ಯಾಡ್ರಿ," ಎಂದ. "ಅಷ್ಟಕ್ಕ ಇರ್ಲಿ."

ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಹತ್ತಿಯನ್ನು ನೋಡುತ್ತ ನಿಂತಿದ್ದ.