ಓಗೊಡದ ಕಣಗಳು

ಗಂಡನ ಹೃದಯದ ಕಟ್ಟಿಕೊಂಡಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಲ್ಲಿ ಮತ್ತೆ ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ ಕೊಟ್ಟಿದ್ದರು. ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಮೈಮೇಲೆ ರಿಸೆಪ್ಟರ್‌ಗಳಿರುತ್ತವೆ. 'ಬನ್ನಿ, ಅಂಟಿಕೊಳ್ಳಿ' ಎಂಬ ರಾಸಾಯನಿಕ ಕರೆಯನ್ನು ಕೇಳಿಸಿಕೊಳ್ಳುವ ಕಿವಿಗಳು ಅವು. ಮಾತ್ರೆ ಆ ಕಿವಿಗಳನ್ನು ಮುಚ್ಚುತ್ತದೆ. ಆದರೆ ಎಲ್ಲರ ಮೈಯಲ್ಲೂ ಅದು ಕೆಲಸ ಮಾಡುವುದಿಲ್ಲ. ಹೌಜ್ ಖಾಸ್‌ನ ಲ್ಯಾಬಿನಲ್ಲಿ ದಿನವೂ ಇದನ್ನೇ ನೋಡುವ ನನಗೆ ಡಾಕ್ಟರು "ಎಲ್ಲ ಸರಿಯಿದೆ" ಎಂದರೆ ಸಾಕೇ?

"ರೀ, ಎದೆ ಹೇಗಿದೆ?" ತಿಂಡಿಗೆ ಮೊದಲೊಮ್ಮೆ, ತಿಂಡಿಯಾದ ಮೇಲೊಮ್ಮೆ, ಆಫೀಸಿಗೆ ಫೋನ್ ಮಾಡಿ ಮತ್ತೊಮ್ಮೆ. "ಚೆನ್ನಾಗಿದೆ ಕಣೇ," ಎನ್ನುತ್ತಿದ್ದವರು ಬರಬರುತ್ತ ಬರೀ "ಹ್ಞೂಂ" ಎನ್ನತೊಡಗಿದರು.

ಲ್ಯಾಬಿಗೆ ಕರೆದರೆ ಆಫೀಸಿಗೆ ಹೊತ್ತಾಗುತ್ತದಂತೆ. ಹಾಗಾಗಿ ಒಂದು ಬೆಳಿಗ್ಗೆ ಮುನಿರ್ಕಾದ ನಮ್ಮ ಮನೆಯಲ್ಲೇ, ಪಕ್ಕದ ಮನೆಯ ನರ್ಸ್ ಕೈಯಲ್ಲಿ ಅವರ ರಕ್ತ ತೆಗೆಸಿದೆ. ಹೋಲಿಸಿ ನೋಡಲು ನನ್ನದೂ ಒಂದು ಟ್ಯೂಬ್. ಮಾತ್ರೆ ನುಂಗದ ನನ್ನ ಕಣಗಳು ಅಂಟಿಕೊಳ್ಳಬೇಕು, ಅವರವು ಅಂಟಿಕೊಳ್ಳಬಾರದು. ಎರಡೂ ಟ್ಯೂಬ್ ಚೀಲಕ್ಕೆ ಹಾಕಿಕೊಂಡು, "ಭಯ್ಯಾ, ಜಲ್ದಿ ಚಲೋ," ಎಂದು ಆಟೋದವನ ಪ್ರಾಣ ತಿಂದೆ. ಅವನು ರಸ್ತೆಯ ಒಂದು ಗುಂಡಿಯನ್ನೂ ಬಿಡಲಿಲ್ಲ.

ಲ್ಯಾಬಿನಲ್ಲಿ ಅವರ ರಕ್ತದ ಕಣಗಳಿಗೆ ಆ ಕರೆಯ ರಾಸಾಯನಿಕ ಬೆರೆಸಿದೆ. ಅಂಟಿಕೊಂಡರೆ ಯಂತ್ರದ ಪರದೆಯ ಗೆರೆ ಮೇಲೇರಬೇಕು. ಏರಲಿಲ್ಲ. ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ನನ್ನದನ್ನು ಇಟ್ಟೆ. ಅದೂ ಏರಲಿಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ. ಹೊಸ ವಿದ್ಯಾರ್ಥಿಗಳಿಗೆ ನಾನೇ ಬೈಯುವ ತಪ್ಪು ಇದು. ಟ್ಯೂಬ್ ಕುಲುಕಿದರೆ ಕೆಂಪು ಕಣಗಳಿಂದ ಅದೇ ರಾಸಾಯನಿಕ ಸೋರುತ್ತದೆ. ಸುಮ್ಮಸುಮ್ಮನೆ ಕರೆ ಬಂದೂ ಬಂದೂ ಪ್ಲೇಟ್‌ಲೆಟ್‌ಗಳು ತಮ್ಮ ರಿಸೆಪ್ಟರ್‌ಗಳನ್ನು ಒಳಕ್ಕೆಳೆದುಕೊಳ್ಳುತ್ತವೆ. ಆಮೇಲೆ ನಿಜವಾಗಿ ಕರೆದರೂ ಓಗೊಡುವುದಿಲ್ಲ. ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ, ಗೊತ್ತಾಗಲೇ ಇಲ್ಲ.

ಸಂಜೆ ಮನೆಗೆ ಬಂದು ಸಿಟ್ಟಿನಲ್ಲಿ ಚಪ್ಪಲಿ ಬಿಸಾಡಿ ಕುಳಿತೆ. ಏನನ್ನೂ ಕೇಳಲಿಲ್ಲ. ಅವರೇ ಚಹಾ ತಂದಿಟ್ಟು ಪಕ್ಕದಲ್ಲಿ ಕೂತರು.

"ಏನಿವತ್ತು, ಕೇಳ್ಲೇ ಇಲ್ಲ?"

"ಕೇಳಿದ್ರೆ ಹ್ಞೂಂ ಅಂತೀರಿ."

ಎದೆಯ ಮೇಲೆ ಕೈಯಿಟ್ಟುಕೊಂಡು, "ನಿನ್ನೆಯಿಂದ ಎದೆ ಸ್ವಲ್ಪ ಹಿಡ್ಕೊಂಡ ಹಾಗಿದೆ ಕಣೇ," ಎಂದರು.

ಬಿಸಾಡಿದ ಚಪ್ಪಲಿಯಲ್ಲಿ ಒಂದು ಸಿಗಲಿಲ್ಲ. ಬರಿಗಾಲಲ್ಲೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಪರೀಕ್ಷೆಯಲ್ಲಿ ಗೊತ್ತಾಯಿತು, ಮಾತ್ರೆ ಕೆಲಸ ಮಾಡುತ್ತಿರಲಿಲ್ಲ. ಬೇರೆಯದನ್ನು ಕೊಟ್ಟರು, ಇವರು ಬದುಕಿಕೊಂಡರು.

ಈಗಲೂ ದಿನವಿಡೀ ಆ ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತದೆ. ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತೇನೆ, ಅವರಾಗಿಯೇ ಹೇಳುವವರೆಗೆ.