ಬಾಗಲೂರು ಬಂಕ್‌ನ ಅಕ್ಕ

ಬಾಗಲೂರಿನ ಪೆಟ್ರೋಲ್ ಬಂಕ್‌ನಲ್ಲಿ ಶೌಚಾಲಯ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಯಲಹಂಕದಿಂದ ಅಲ್ಲಿನ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದ ನಾನು ದಿನವೂ ಆ ಬಂಕ್‌ನಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದೆ. ನೆಲ ಒರೆಸಿದ ಮೇಲೆ ಅಕ್ಕ ಚಪ್ಪಲಿ ಬಿಟ್ಟು ತಾವೇ ಒಂದು ಸುತ್ತು ನಡೆದು ನೋಡುತ್ತಿದ್ದರು. ಬಂದವರಿಗೆಲ್ಲ ಒಂದೇ ಮಾತು: “ಬರಿಗಾಲಲ್ಲೇ ಓಗ್ರಮ್ಮ, ಏನೂ ಆಗಲ್ಲ.”

ಒಂದು ಬೆಳಿಗ್ಗೆ ನಾನು ಅಲ್ಲಿದ್ದಾಗಲೇ ಬಂಕ್‌ನ ಮಾಲೀಕರು ಶೌಚಾಲಯಕ್ಕೆ ಹಾಕಲು ಬೀಗ ತಂದರು. “ಪೆಟ್ರೋಲ್ ಹಾಕಿಸ್ದೋರಿಗೆ, ಅಂಗಡೀಲಿ ಏನಾದ್ರೂ ತಗೊಂಡೋರಿಗೆ ಮಾತ್ರ ಕೀ ಕೊಡು.”

ಅಕ್ಕ ಬೀಗ ಮುಟ್ಟಲಿಲ್ಲ. “ಸಾರ್, ಇಲ್ಲಿಗೆ ಬರೋ ಎಣ್ಮಕ್ಳು ಫೋನಲ್ಲಿ ಬರೀತೀವಿ ಅಂತಾರೆ. ಏನ್ ಬರ್ದವ್ರೆ, ಮೊದ್ಲು ಓದಿ. ನಂಗೆ ಓದಕ್ಕೆ ಬರಲ್ಲ.”

ಮಾಲೀಕರು ಬೀಗವನ್ನು ಮತ್ತೆ ಅಕ್ಕನ ಕಡೆಗೇ ಚಾಚಿದರು. ನಾನೇ ಫೋನ್ ತೆಗೆದು, ಬಂಕ್ ಬಗ್ಗೆ ಜನ ಬರೆದಿದ್ದ ಅಭಿಪ್ರಾಯಗಳನ್ನು ಓದಿ ಹೇಳಿದೆ. ಅಂಗಡಿಯ ಕಾಫಿ ತಣ್ಣಗಿರುತ್ತದೆ ಎಂದು ಒಬ್ಬರು, ಗಾಳಿ ತುಂಬುವ ಮೆಷಿನ್ ಕೆಟ್ಟಿದೆ ಎಂದು ಇನ್ನೊಬ್ಬರು ಬೈದಿದ್ದರು. ಆದರೆ ಒಬ್ಬರಾದ ಮೇಲೊಬ್ಬರು ಹೆಂಗಸರು ಬರೆದದ್ದು ಒಂದೇ: “ಈ ರಸ್ತೆಯಲ್ಲಿ ನಾವು ಧೈರ್ಯವಾಗಿ ಗಾಡಿ ನಿಲ್ಲಿಸುವುದು ಇಲ್ಲಿ ಮಾತ್ರ. ಶೌಚಾಲಯ ಅಷ್ಟು ಚೊಕ್ಕಟ.”

ಮಾಲೀಕರು ಬೀಗವನ್ನು ಜೇಬಿಗೆ ಹಾಕಿಕೊಂಡು ಅಂಗಡಿಯೊಳಗೆ ಹೋದರು.

ಅಕ್ಕ ಕೈ ಒರೆಸಿಕೊಂಡು ನೆಟ್ಟಗೆ ನಿಂತರು. “ಇನ್ನೊಂದ್ಸಲ ಓದಿ ಟೀಚರಮ್ಮ, ಜೋರಾಗಿ. ಪೆಟ್ರೋಲ್ ಆಕೋರ್ಗೂ ಕೇಳ್ಲಿ.”