ಮೂರು ರತ್ತಲಿನ ಟ್ರಿಗರ್

ಸಿಂದಗಿಯ ಪೇಟೆಯಲ್ಲಿ ನನಗೊಂದು ರಿಪೇರಿ ಅಂಗಡಿ ಇತ್ತು. ಬೀಗ, ಸ್ಟೋವ್, ಹೊಲಿಗೆ ಮಷಿನ್ ಎಲ್ಲ ಮಾಡುತ್ತಿದ್ದೆ. ಆದರೆ ಹೆಸರು ಬಂದದ್ದು ಬಂದೂಕಿನ ಕೆಲಸದಿಂದ. ಆ ಕೆಲಸವೂ ಅದರ ಲೈಸೆನ್ಸೂ ಅಪ್ಪನ ಕಡೆಯಿಂದ ಬಂದವು. ಹೊಲಕ್ಕೆ ಬೀಳುವ ಹಂದಿ ಓಡಿಸುವ ಬಂದೂಕು ಹೆಗಲಿಗೇರಿಸಿಕೊಂಡು ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯಿಂದಲೂ ಜನ ಬಸ್ಸು ಹಿಡಿದು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ನನಗೆ ಆಗ ಎಷ್ಟು ಸೊಕ್ಕು ಇತ್ತು ಅಂತ ತಿಳಿಯಲಿ ಅಂತ ಹೇಳುತ್ತಿದ್ದೇನೆ.

ಮಗ್ಗಲಿಗೇ ಮಾವನ ಕಿರಾಣಿ ಅಂಗಡಿ. ಅವ್ವನ ಸ್ವಂತ ತಮ್ಮ ಆತ. ಅಪ್ಪ ತೀರಿಕೊಂಡಾಗ ನಾನಿನ್ನೂ ಸಾಲಿಗೆ ಹೋಗುತ್ತಿದ್ದೆ. ಅವ್ವನನ್ನೂ ನನ್ನನ್ನೂ ಮನೆಗೆ ಕರೆತಂದು ಸಾಕಿ, ತನ್ನ ಹಿರಿಯ ಮಗಳನ್ನೇ ನನಗೆ ಕೊಟ್ಟು ಲಗ್ನ ಮಾಡಿದ. ನಾನು ಕೂತು ಕೆಲಸ ಮಾಡುತ್ತಿದ್ದ ಖೋಲಿಯೂ ಆತನದೇ. ಆತನ ಬಗ್ಗೆ ಯಾರಾದರೂ ಒಂದು ಸೊಲ್ಲು ಎತ್ತಿದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

ರಾಜ್ಯ ಒಂದಾಗಿ ಎರಡು ಮೂರು ವರ್ಷ ಆಗಿರಬೇಕು. ಕಿಲೋ ಇನ್ನೂ ನಮ್ಮ ಪೇಟೆಗೆ ಕಾಲಿಟ್ಟಿರಲಿಲ್ಲ, ತೂಕವೆಲ್ಲ ರತ್ತಲಿನಲ್ಲೇ, ಹದಿನಾರು ಔನ್ಸಿಗೆ ಒಂದು ರತ್ತಲು. ಒಂದು ಶುಕ್ರವಾರ ಕನ್ನೊಳ್ಳಿಯ ಸುಬೇದಾರರು ನಮಾಜು ಮುಗಿಸಿಕೊಂಡು ಅಂಗಡಿಗೆ ಬಂದರು. ಫೌಜಿನಿಂದ ಪಿಂಚಣಿ ಪಡೆದು ಊರಿಗೆ ಮರಳಿದ ಮುಸಲ್ಮಾನರು, ಮಾತು ಕಡಿಮೆ, ಬೆನ್ನು ಮಾತ್ರ ಇನ್ನೂ ನೆಟ್ಟಗೆ. ಕರವಸ್ತ್ರ ಬಿಚ್ಚಿ ಒಂದು ಪಿಸ್ತೂಲು ತೆಗೆದು, ಮ್ಯಾಗಜೀನು ಕಳಚಿ, ಗುಂಡು ಇಲ್ಲವೆಂದು ಎರಡು ಸಲ ತೋರಿಸಿ ನನ್ನ ಮುಂದೆ ಇಟ್ಟರು. ಬಂದ ಗಿರಾಕಿಗಳಲ್ಲಿ ಹಾಗೆ ತೋರಿಸಿ ಇಟ್ಟವರು ಅವರೊಬ್ಬರೇ.

ಲೈಸೆನ್ಸಿನ ಮೇಲೆ ಮುಂಬಯಿಯಿಂದ ತರಿಸಿದ ಹೊಸ ಪಿಸ್ತೂಲು. ಒಂದು ಗುಂಡು ಹಾರಿದ ಕೂಡಲೇ ಮುಂದಿನದು ತಾನಾಗಿ ಏರುವ ಜಾತಿಯದು. ಟ್ರಿಗರ್ ಮಾತ್ರ ಕಂಪನಿಯಿಂದಲೇ ಕಲ್ಲು. ನಾನು ಎಳೆದು ನೋಡಿದೆ, ನನ್ನ ಬೆರಳೇ ನಡುಗಿತು. ಇನ್ನು ಸುಬೇದಾರರ ಬಲಗೈಗೆ ಲಡಾಯಿಯಲ್ಲಿ ಪೆಟ್ಟು ಬಿದ್ದು ತೋರುಬೆರಳಿನ ಕಸುವು ಅರ್ಧ ಹೋಗಿತ್ತು. ಗುರಿ ಹಿಡಿದರೆ ಕದಲುತ್ತಿರಲಿಲ್ಲ, ಆದರೆ ಎಳೆಯುವಾಗ ಕೈಯೆಲ್ಲ ಜಗ್ಗಿ ಗುಂಡು ಕೆಳಗೆ ಬೀಳುತ್ತಿತ್ತು. ಬಿಜಾಪುರದಲ್ಲಿ ಗುರಿ ಹೊಡೆಯುವ ಪಂದ್ಯ ಇತ್ತು. ಗೆದ್ದವರನ್ನು ಹೊಸ ಪೊಲೀಸರಿಗೆ ಗುರಿ ಕಲಿಸಲು ಉಸ್ತಾದ್ ಆಗಿ ಕರೆದುಕೊಳ್ಳುತ್ತಾರೆ ಅಂತ ಮಾತಿತ್ತು. ಅವರಿಗೆ ಬೇಕಾಗಿದ್ದದ್ದು ಅದು. ಊರಲ್ಲಿ ಕಟ್ಟೆಯ ಮೇಲೆ ಕೂತು ಕೂತು ತಾನು ಯಾತಕ್ಕೂ ಬಾರದವನಾಗಿದ್ದೇನೆ ಅಂತ ಅವರು ಅಂದಾಗ, ಅದನ್ನು ದುಃಖದಿಂದಲೂ ಅನ್ನಲಿಲ್ಲ, ಹಾಜರಿ ಹೇಳಿದ ಹಾಗೆ ಅಂದರು.

ಪಂದ್ಯಕ್ಕೆ ಒಂದು ನಿಯಮ ಇತ್ತು. ಖಾಲಿ ಪಿಸ್ತೂಲಿನ ನಳಿಗೆ ಮೇಲೆ ಮಾಡಿ ಹಿಡಿದು, ಟ್ರಿಗರಿಗೆ ಮೂರು ರತ್ತಲು ತೂಕ ತೂಗುಹಾಕಿ ನೆಲದಿಂದ ಎತ್ತುತ್ತಾರೆ. ತೂಕ ಎದ್ದರೂ ಟ್ರಿಗರ್ ಹಿಂದೆ ಸರಿದು ಬೀಳಬಾರದು. ಬಿದ್ದರೆ ಅದು ಹದ ಮೀರಿ ಹಗುರ ಮಾಡಿದ ಪಿಸ್ತೂಲು, ಅದನ್ನು ತಂದವನು ಮೋಸಗಾರ. ಸುಬೇದಾರರ ಬೆರಳಿಗೆ ಮೂರರ ಮೇಲೆ ಒಂದು ಚೂರು ಹೆಚ್ಚಾದರೂ ಕಷ್ಟ. ಹಾಗಾಗಿ ಸರಿಯಾಗಿ ಮೂರಕ್ಕೆ ತಂದು ನಿಲ್ಲಿಸಬೇಕಿತ್ತು. ಆಗಲಿ ಬಿಡ್ರಿ, ಕೂದಲಷ್ಟೂ ಆಚೆ ಈಚೆ ಆಗದ ಹಾಗೆ ತರ್ತೇನಿ ಅಂದೆ.

ಹದಿನೈದು ದಿವಸ ಅದೇ ಕೆಲಸ. ಒಳಗೆ ಒಂದಕ್ಕೊಂದು ಹಲ್ಲು ಕಚ್ಚಿ ನಿಲ್ಲುವ ತುಂಡುಗಳಿರುತ್ತವೆ. ಕಂಪನಿಯವರು ಅವನ್ನು ಒರಟಾಗಿಯೇ ಬಿಟ್ಟಿದ್ದರು. ಎಣ್ಣೆಕಲ್ಲಿನ ಮೇಲೆ ಇಷ್ಟಿಷ್ಟೇ ಉಜ್ಜಿ, ಜೋಡಿಸಿ, ಎಳೆದು ನೋಡಿ, ಮತ್ತೆ ಬಿಚ್ಚಿ ಉಜ್ಜುವುದು. ಹೆಚ್ಚು ಉಜ್ಜಿದರೆ ಮುಗಿಯಿತು, ಹೋದ ಕಬ್ಬಿಣ ಮರಳಿ ಬರುವುದಿಲ್ಲ. ಬೇರೆ ಕೆಲಸಗಳೆಲ್ಲ ಮೂಲೆ ಸೇರಿದವು. ಹೆಂಡತಿ ಬುತ್ತಿ ಅಂಗಡಿಗೇ ಕಳಿಸಿಬಿಡುತ್ತಿದ್ದಳು. ನನ್ನ ಆಯುಷ್ಯದಲ್ಲಿ ಅಷ್ಟು ಚೊಕ್ಕ ಕೆಲಸ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಕೊನೆಯ ದಿನ ಸುಬೇದಾರರ ಎದುರಿಗೇ ತೂಗಿದೆ. ಮಾವನ ಅಂಗಡಿಯಿಂದ ಒಂದೊಂದು ರತ್ತಲಿನ ಮೂರು ಕಬ್ಬಿಣದ ತೂಕದ ಕಲ್ಲು ತಂದು ಕೈಚೀಲದಲ್ಲಿ ಹಾಕಿ ಟ್ರಿಗರಿಗೆ ತೂಗುಹಾಕಿದೆ. ಎಲ್ಲದರ ತಳಕ್ಕೂ ಸರಕಾರದ ಮುದ್ರೆ ಇತ್ತು. ಅವರೇ ಪಿಸ್ತೂಲು ಹಿಡಿದು ಎತ್ತಿದರು. ಚೀಲ ನೆಲ ಬಿಟ್ಟು ಎದ್ದಿತು, ಟ್ರಿಗರ್ ಬೀಳಲಿಲ್ಲ. ಚೀಲದಲ್ಲಿ ಎರಡು ಸಣ್ಣ ಬೋಲ್ಟು ಹಾಕಿ ಮತ್ತೆ ಎತ್ತಿಸಿದೆ, ಬಿದ್ದಿತು. ಸುಬೇದಾರರು ನನ್ನ ಕೈ ಹಿಡಿದು ಬಹಳ ಹೊತ್ತು ಬಿಡಲೇ ಇಲ್ಲ. ನನಗೆ ಮುಗಿಲು ಮೂರೇ ಗೇಣು ಉಳಿದಿತ್ತು.

ಪಂದ್ಯ ಮುಗಿದ ಸೋಮವಾರ ಅವರು ಮತ್ತೆ ಬಂದರು. ಕೂಡ್ರಿ ಅಂದರೂ ಕೂಡಲಿಲ್ಲ. ಅಲ್ಲಿ ತೂಕ ಎತ್ತಿದ ಕೂಡಲೇ ಟ್ರಿಗರ್ ಬಿದ್ದಿತಂತೆ. ಮೂರು ಸಲ ಎತ್ತಿಸಿದರಂತೆ, ಮೂರು ಸಲವೂ ಬಿದ್ದಿತು. ಸಾಲಿನಲ್ಲಿ ನಿಂತ ನಾಲ್ಕೆಂಟು ಹರೆಯದವರು ನಕ್ಕರು. ಪಂದ್ಯದವರು ಇವರ ಹೆಸರಿಗೆ ಗೆರೆ ಎಳೆದು, ಹಿರಿಯರು ಈ ವಯಸ್ಸಿನಲ್ಲಿ ಇಂಥದ್ದು ಮಾಡಬಾರದಿತ್ತು ಅಂದರಂತೆ. ಸುಬೇದಾರರು ವಾದ ಮಾಡಲಿಲ್ಲ. ರಿಪೇರಿಯವನು ತಮ್ಮ ಎದುರಿಗೇ ತೂಗಿ ಕೊಟ್ಟಿದ್ದಾನೆ ಅಂತಷ್ಟೇ ಹೇಳಿದರು. ಅದಕ್ಕೆ ಪಂದ್ಯದ ಹಿರಿಯ ಅಧಿಕಾರಿ, ಎಂಟು ದಿನದೊಳಗೆ ರಿಪೇರಿ ಮಾಡಿದವನನ್ನೂ ಅವನ ತೂಕದ ಕಲ್ಲನ್ನೂ ಕರೆತನ್ನಿ, ಕಲ್ಲು ಸರಿ ಇದ್ದರೆ ನಮ್ಮದನ್ನು ಪರೀಕ್ಷೆ ಮಾಡಿಸುತ್ತೇವೆ, ಕಲ್ಲು ತಪ್ಪಿದ್ದರೆ ತಪ್ಪು ನಿಮ್ಮದಲ್ಲ ಅಂತ ಬರೆಯುತ್ತೇವೆ ಅಂದಿದ್ದರು. ಎರಡರಲ್ಲಿ ಯಾವುದಾದರೂ ಸುಬೇದಾರರ ಮರ್ಯಾದೆ ಉಳಿಯುತ್ತಿತ್ತು. ನಾನು ಮೈಮೇಲೆ ಬಂದವನಂತೆ ಎಗರಾಡಿದೆ. ಅವರ ತೂಕವೇ ಸುಳ್ಳು, ಶುಕ್ರವಾರ ಬರ್ರಿ, ಇಬ್ಬರೂ ಹೋಗಿ ಅವರ ಮುಖಕ್ಕೆ ತೂಗಿ ತೋರಿಸೋಣ ಅಂದೆ.

ಬರಿಗೈಯಲ್ಲಿ ಹೋಗುವುದು ಬೇಡ, ಕಲ್ಲು ಸರಿ ಇವೆ ಅಂತ ಒಂದು ಚೀಟಿ ಬರೆಸಿಕೊಂಡು ಹೋಗೋಣ ಅಂತ ಅವತ್ತೇ ಮೂರೂ ಕಲ್ಲು ತೆಗೆದುಕೊಂಡು ದವಾಖಾನೆಯ ಕಂಪೌಂಡರ್ ಹತ್ತಿರ ಹೋದೆ. ಔಷಧ ತೂಗುವ ಅವರ ತಕ್ಕಡಿ ಬಹಳ ಸೂಕ್ಷ್ಮ. ಮೊದಲನೆಯ ಕಲ್ಲು ಇಟ್ಟರು, ನಮ್ಮ ಕಲ್ಲಿದ್ದ ಪರಡಿ ಮೇಲೆದ್ದಿತು. ಎರಡನೆಯದೂ ಎದ್ದಿತು, ಮೂರನೆಯದೂ. ಒಂದೊಂದೂ ಒಂದೂವರೆ ಔನ್ಸು ಕಡಿಮೆ. ಕಂಪೌಂಡರ್ ನನ್ನ ಮುಖ ನೋಡಿ ಕಲ್ಲು ತಿರುಗಿ ಕೊಟ್ಟರು. ಅಂಗಡಿಗೆ ಬಂದು ತಳ ಕೆರೆದು ನೋಡಿದೆ. ಸೀಸ ತುಂಬಬೇಕಾದ ಕುಳಿಯಲ್ಲಿ ಮಸಿ ಕಲಸಿದ ಮೇಣ ಇತ್ತು, ಅದರ ಮೇಲೆ ಮುದ್ರೆ ಇದ್ದ ಸೀಸದ ಬಿಲ್ಲೆ ಅಂಟಿಸಿತ್ತು.

ಮಾವ ಆಗ ಬೆಲ್ಲ ಒಡೆಯುತ್ತಿದ್ದ. ಕಲ್ಲು ತಿರುವಿ ಹಾಕಿ ಮುಂದಿಟ್ಟೆ. ಗಿರಾಕಿಯನ್ನು ಕಳಿಸಿ, ಕೈ ಒರೆಸಿಕೊಂಡು, ಬಹಳ ಮೆಲ್ಲಗೆ ಹೇಳಿದ.

"ಇವು ಬಿಜಾಪುರಕ್ಕ ಹೋದ್ರ ನನ್ನ ಅಂಗಡಿಗೆ ಬೀಗ ಬೀಳತೈತಿ. ಇನ್ನೂ ಇಬ್ಬರು ಹುಡುಗ್ಯಾರು ಮನ್ಯಾಗ ಅದಾರ. ನೀ ದೊಡ್ಡಾವ ಆಗೀದಿ, ಹೋಗಿ ಹೇಳ್ತೀನಿ ಅಂದ್ರ ನಾ ಹಿಡ್ಯಾಕ ಆಗೂದಿಲ್ಲ. ಆದ್ರ ಒಂದು ನೆನಪಿಟ್ಕೊ. ನಿನ್ನ, ನಿಮ್ಮವ್ವನ್ನ ಉಣಿಸಿದ್ದು ಇವ ಕಲ್ಲು."

ನಾಲ್ಕು ದಿವಸ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಇಳಿಯಲಿಲ್ಲ ಅಂತ ಹೇಳಿಕೊಳ್ಳುತ್ತೇನೆ, ಉಂಡಿದ್ದೂ ನಿಜ. ಸುಬೇದಾರರಿಗೆ ನಿಜ ಹೇಳಿ ಕೈ ಮುಗಿದುಬಿಡಲೇ ಅಂತ ಒಮ್ಮೆ ಅನಿಸಿತು. ಅವರು ಯಾರಿಗೂ ಹೇಳುವವರಲ್ಲ, ತಾವೇ ಹೊತ್ತುಕೊಂಡು ಹೋಗುವವರು ಅಂತಲೂ ಗೊತ್ತಿತ್ತು. ಆದರೆ ಹಾಗೆ ಹೇಳಿದರೆ ಅವರ ಕಣ್ಣಲ್ಲಿ ನಾನು ಇಳಿದುಹೋಗುತ್ತಿದ್ದೆ. ಮಾವನನ್ನು ಉಳಿಸುವುದಕ್ಕೆ ಸುಮ್ಮನಾದೆ ಅಂತ ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಅರ್ಧ ಮಾತ್ರ ಖರೆ.

ಶುಕ್ರವಾರ ಅವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಬಸ್ಸಿಗೆ ತಯಾರಾಗಿ ಬಂದರು. ನಾನು ಕೆಲಸದಿಂದ ತಲೆ ಎತ್ತಲಿಲ್ಲ.

"ನಮ್ಮ ಕಲ್ಲು ಸರಿ ಅದಾವ್ರಿ," ಅಂದೆ. "ನೀವು ಮನಿಗೆ ಒಯ್ದ ಮ್ಯಾಲೆ ಬಿಚ್ಚಿದ್ರೇನು?"

ಬಿಚ್ಚಿರುತ್ತಾರೆ ಅಂತ ನನಗೆ ಗೊತ್ತಿತ್ತು. ಪಂದ್ಯದ ಹಿಂದಿನ ದಿನ ಬಿಚ್ಚಿ ಎಣ್ಣೆ ಹಾಕದ ಫೌಜಿ ಎಲ್ಲಿದ್ದಾನೆ? ಅದರಿಂದ ಏನೂ ಕೆಡುವುದಿಲ್ಲ ಅಂತಲೂ ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ. ಬಾಗಿಲಲ್ಲೇ ನಿಂತು ತಮ್ಮ ಬಲಗೈ ನೋಡಿಕೊಂಡರು.

"ಬಿಚ್ಚಿದ್ದೆ," ಅಂದರು. "ಹಂಗಾದ್ರ ನನ್ನ ಕೈಲೇ ಕೆಟ್ಟಿರಬೇಕು."

ಹಾಗಿದ್ದ ಮೇಲೆ ಅಲ್ಲಿಗೆ ಹೋಗಿ ಏನು ಮಾಡುವುದು ಅಂತ ಅಂದು ಕನ್ನೊಳ್ಳಿಗೆ ನಡೆದುಹೋದರು. ನಾನು ಕರೆಯಲಿಲ್ಲ. ಮುಂದೆ ಕಿಲೋ ಬಂದಿತು, ರತ್ತಲಿನ ಕಲ್ಲುಗಳೆಲ್ಲ ಮೋಡಕಾದವನ ಹಳೆ ಕಬ್ಬಿಣದ ರಾಶಿ ಸೇರಿದವು. ಮಾವನ ಹುಡುಗಿಯರ ಲಗ್ನ ಆದವು. ಮಾವ ಹೋದ, ಸುಬೇದಾರರೂ ಹೋದರು. ನಾನು ಹೆದರಬೇಕಾದ ಯಾರೂ ಉಳಿಯಲಿಲ್ಲ. ಕೇಳಬೇಕಾದವರೂ ಉಳಿಯಲಿಲ್ಲ.

ಹೇಳಲು ಅವಕಾಶವೇ ಸಿಗಲಿಲ್ಲ ಅನ್ನುವ ಹಾಗೂ ಇಲ್ಲ. ಆಗಲೇ, ಆ ಎಂಟು ದಿನದ ಗಡುವು ಮುಗಿದು ಇನ್ನೊಂದು ಶುಕ್ರವಾರ ಅವರು ತಾವಾಗಿಯೇ ಅಂಗಡಿಗೆ ಬಂದರು. ಪಿಸ್ತೂಲನ್ನು ಠಾಣೆಗೆ ಒಪ್ಪಿಸಿ ಬಂದಿದ್ದರು. ತಪ್ಪು ತನ್ನದೇ, ರಿಪೇರಿ ಮಾಡಿದವನದಲ್ಲ ಅಂತ ಬಿಜಾಪುರಕ್ಕೆ ಕಾಗದ ಬರೆದು ಹಾಕಿದ್ದೂ ಆಗಿತ್ತು. ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳು ಕೂತಿದ್ದರು, ಅವರು ಹೋಗಲಿ ಅಂತ ಸುಬೇದಾರರು ಕಾಯಲಿಲ್ಲ. ಅವರ ಮುಂದೆಯೇ ಕೈ ಜೋಡಿಸಿದರು.

"ತಮ್ಮಾ, ನಿನ್ನ ಕೆಲಸದ ಮ್ಯಾಲೆ ನಾಕು ಮಂದಿಗೆ ಸಂಶೆ ಬರೂವಂಗ ಮಾಡಿದೆ. ಅಷ್ಟು ಕಷ್ಟಪಟ್ಟು ಮಾಡಿಕೊಟ್ಟಿದ್ದಿ. ಮಾಫ್ ಮಾಡು."

ಮಗ್ಗಲ ಅಂಗಡಿಯಲ್ಲಿ ಮಾವ ಯಾರಿಗೋ ಸಕ್ಕರೆ ತೂಗುತ್ತಿದ್ದ ಸಪ್ಪಳ ಕೇಳುತ್ತಿತ್ತು. ಇಬ್ಬರು ಗಿರಾಕಿಗಳೂ ನಾನು ಏನು ಅನ್ನುತ್ತೇನೆ ಅಂತ ನನ್ನನ್ನೇ ನೋಡುತ್ತಿದ್ದರು.

"ಇರ್ಲಿ ಬಿಡ್ರಿ," ಅಂದೆ, "ವಯಸ್ಸಾದ ಮ್ಯಾಲೆ ಕೈ ತಪ್ಪತಾವ." ಅವರ ಮುಖ ಹಗುರಾಯಿತು. ನಾನು ಅವರನ್ನು ಕ್ಷಮಿಸಿ ಕಳಿಸಿದೆ.